ಶಾಸನ ಮತ್ತು ನಾದ: ಟ್ರಿನಿಡಾಡ್ ದ್ವೀಪದ ಜನಪ್ರಿಯ ಸಂಗೀತದ ಐತಿಹಾಸಿಕ ಮೂಲಗಳು

ಕೆರಿಬ್ಬಿಯನ್ ಸಮುದ್ರದ ದ್ವೀಪಗಳ ಸಂಗೀತವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಒಂದು ವಿವರಣೆಯಿಂದ ತೃಪ್ತರಾಗುತ್ತಾರೆ. ಆಫ್ರಿಕದ ಲಯವೂ ಯೂರೋಪಿನ ಸ್ವರಕ್ರಮವೂ ಬೆರೆತು ಈ ಸಂಗೀತ ಹುಟ್ಟಿತೆಂಬುದೇ ಆ ವಿವರಣೆ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಗೆ ಇಷ್ಟು ಸಾಲದು. ಎರಡು ಜನಾಂಗಗಳು ಒಂದೆಡೆ ನೆಲಸಿದ ಮಾತ್ರಕ್ಕೆ ಅವರ ಹಾಡುಗಳು ತಾವಾಗಿ ಬೆರೆಯುವುದಿಲ್ಲ. ಯಾವ ವಾದ್ಯ ಉಳಿಯಿತು, ಯಾವುದು ಮರೆಯಾಯಿತು, ಹಾಡು ಯಾವ ಭಾಷೆಯನ್ನು ಹಿಡಿಯಿತು, ಮೆರವಣಿಗೆ ಯಾವ ಹೊತ್ತಿನಲ್ಲಿ ಯಾವ ಬೀದಿಗೆ ಇಳಿಯಿತು ಎಂಬ ಒಂದೊಂದಕ್ಕೂ ನಿರ್ದಿಷ್ಟವಾದ ಕಾರಣಗಳುಂಟು. ಆ ಕಾರಣಗಳಿಗೆ ಇಸವಿಗಳೂ ಉಂಟು.

ಪ್ರಸ್ತುತ ಪ್ರಬಂಧದಲ್ಲಿ ಟ್ರಿನಿಡಾಡ್ ದ್ವೀಪವೊಂದನ್ನೇ ಉದಾಹರಣೆಯಾಗಿ ತೆಗೆದುಕೊಂಡು, ಅಲ್ಲಿನ ಕ್ಯಾಲಿಪ್ಸೊ ಹಾಡು, ಉಕ್ಕಿನ ವಾದ್ಯ ಮತ್ತು ಭಾರತೀಯ ವಲಸೆಗಾರರ ಸಂತತಿಯವರ ಚಟ್ನಿ ಸಂಗೀತ, ಈ ಮೂರರ ಬೆಳವಣಿಗೆಯನ್ನು ಸ್ಥೂಲವಾಗಿ ಪರಿಶೀಲಿಸಲಾಗಿದೆ. ಈ ಸಂಗೀತದ ರೂಪವನ್ನು ತಿದ್ದಿದ ಶಕ್ತಿಗಳಲ್ಲಿ ಸರ್ಕಾರದ ನಿಷೇಧಾಜ್ಞೆಯೂ ಒಂದು ಮುಖ್ಯವಾದ ಶಕ್ತಿ ಎಂಬುದು ಇಲ್ಲಿ ಪ್ರತಿಪಾದಿಸಬೇಕಾದ ವಿಷಯ.

1. ದ್ವೀಪ ಮತ್ತು ಅದರ ಜನ

ಟ್ರಿನಿಡಾಡ್ ವೆನಿಜುವೆಲದ ಕರಾವಳಿಗೆ ಅತಿ ಸಮೀಪದಲ್ಲಿರುವ ದ್ವೀಪ. ವಿಸ್ತೀರ್ಣದಲ್ಲಿ ನಮ್ಮ ಕೊಡಗು ಜಿಲ್ಲೆಗಿಂತ ಸ್ವಲ್ಪ ದೊಡ್ಡದು. 1498ರಲ್ಲಿ ಕೊಲಂಬಸನು ಇದನ್ನು ಕಂಡ ಮೇಲೆ ಸುಮಾರು ಮೂರು ಶತಮಾನಗಳ ಕಾಲ ಇದು ಸ್ಪೇನಿನ ಅಧೀನದಲ್ಲಿದ್ದರೂ ಜನವಸತಿ ಬಹಳ ವಿರಳವಾಗಿತ್ತು. 1783ರಲ್ಲಿ ಸ್ಪೇನಿನ ದೊರೆ ಹೊರಡಿಸಿದ ರಾಜಾಜ್ಞೆ ಈ ಸ್ಥಿತಿಯನ್ನು ಬದಲಾಯಿಸಿತು. ಕ್ಯಾಥೊಲಿಕ್ ಮತದವರಾಗಿದ್ದು ತಮ್ಮ ಗುಲಾಮರೊಡನೆ ಬಂದು ನೆಲಸುವ ಪರದೇಶೀಯರಿಗೆ ಭೂಮಿ ಕೊಡುವುದಾಗಿ ಅದರಲ್ಲಿ ಸಾರಲಾಗಿತ್ತು. ಈ ಆಜ್ಞೆಯ ಫಲವಾಗಿ ನೆರೆಯ ದ್ವೀಪಗಳಿಂದ ಫ್ರೆಂಚ್ ತೋಟಗಾರರು ಬಂದರು. ಅವರೊಡನೆ ಆಫ್ರಿಕದ ಗುಲಾಮರೂ ಬಂದರು. 1797ರಲ್ಲಿ ಬ್ರಿಟಿಷರು ದ್ವೀಪವನ್ನು ವಶಪಡಿಸಿಕೊಂಡರು. ಹೀಗಾಗಿ ಶಾಸನ ಸ್ಪೇನಿನದು, ಆಳ್ವಿಕೆ ಇಂಗ್ಲೆಂಡಿನದು, ಬೀದಿಯ ಮಾತು ಫ್ರೆಂಚ್ ಮೂಲದ ಪತ್ವಾ ಎಂಬ ವಿಚಿತ್ರ ಸಂದರ್ಭ ಅಲ್ಲಿ ಏರ್ಪಟ್ಟಿತು.

1834ರ ಆಗಸ್ಟ್ 1ರಂದು ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾಯಿತು. ಆದರೂ ಒಡೆಯನ ಬಳಿಯಲ್ಲಿಯೇ ದುಡಿಯಬೇಕೆಂಬ ಕಟ್ಟಳೆ 1838ರವರೆಗೆ ಉಳಿದಿತ್ತು. ಪೂರ್ಣವಾಗಿ ಬಿಡುಗಡೆಹೊಂದಿದವರಲ್ಲಿ ಅನೇಕರು ಕಬ್ಬಿನ ತೋಟಗಳನ್ನು ತೊರೆದು ಪಟ್ಟಣಗಳ ಅಂಚನ್ನು ಸೇರಿದರು. ತೋಟಗಳಿಗೆ ಕೂಲಿಗಳನ್ನು ಒದಗಿಸಲು ಸರ್ಕಾರವು ಭಾರತದ ಕಡೆ ತಿರುಗಿತು. 1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗು ಮೊದಲ ಭಾರತೀಯ ಕರಾರು ಕೂಲಿಗಳನ್ನು ಹೊತ್ತು ಅಲ್ಲಿಗೆ ತಲಪಿತು. 1917ರಲ್ಲಿ ಈ ಪದ್ಧತಿ ನಿಲ್ಲುವವರೆಗೆ 1 ಲಕ್ಷ 40 ಸಾವಿರಕ್ಕೂ ಮಿಕ್ಕಿ ಭಾರತೀಯರು ಬಂದಿಳಿದರು. ಇವರಲ್ಲಿ ಬಹುಪಾಲು ಜನ ಕಲ್ಕತ್ತೆಯ ಬಂದರಿನಿಂದ ಹೊರಟ ಭೋಜಪುರಿ, ಅವಧಿ ಮೊದಲಾದ ಭಾಷೆಗಳನ್ನಾಡುವವರು. ಸ್ವಲ್ಪಮಂದಿ ಮದರಾಸಿನಿಂದ ಹೊರಟವರು. ಮುಂದಿನ ಕಥೆಯಲ್ಲಿ ಈ ಎರಡು ಶ್ರಮಜೀವಿ ಸಮುದಾಯಗಳೂ ಪಾತ್ರಧಾರಿಗಳು.

2. ಕಬ್ಬು ಸುಟ್ಟ ನೆನಪು

ಕ್ಯಾಥೊಲಿಕರು ಲೆಂಟ್ ವ್ರತಕ್ಕೆ ಮುಂಚಿನ ದಿನಗಳಲ್ಲಿ ಆಚರಿಸುವ ಕಾರ್ನಿವಲ್ ಉತ್ಸವವನ್ನು ಈ ದ್ವೀಪಕ್ಕೆ ತಂದವರು ಫ್ರೆಂಚ್ ತೋಟಗಾರರು. ವೇಷ ಧರಿಸುವುದು, ಮನೆಯಿಂದ ಮನೆಗೆ ಹೋಗಿ ನರ್ತಿಸುವುದು ಮೊದಲು ಅವರ ವಿನೋದವಾಗಿತ್ತು. 1838ರ ಅನಂತರ ಬೀದಿ ಬಿಡುಗಡೆಹೊಂದಿದವರ ಪಾಲಾಯಿತು. ಉತ್ಸವದ ಮುನ್ನಾದಿನದ ನಡುರಾತ್ರಿಯಲ್ಲಿ ಪಂಜುಗಳನ್ನು ಹಿಡಿದು, ಡೋಲು ಬಾರಿಸುತ್ತ, ಹಾಡುತ್ತ ಹೊರಡುವ ಮೆರವಣಿಗೆಗೆ ಕ್ಯಾನ್‌ಬುಲೆ ಎಂದು ಹೆಸರು. ಸುಟ್ಟ ಕಬ್ಬು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಇದು ಬಂದಿತೆಂದು ಹೇಳುತ್ತಾರೆ. ಗುಲಾಮಗಿರಿಯ ದಿನಗಳಲ್ಲಿ ತೋಟಕ್ಕೆ ಬೆಂಕಿ ಬಿದ್ದಾಗ ಕೊಂಬಿನ ಕೂಗಿನೊಂದಿಗೆ ಗುಲಾಮರನ್ನು ರಾತ್ರೋರಾತ್ರಿ ಕಬ್ಬು ಕಡಿಯಲು ಅಟ್ಟಲಾಗುತ್ತಿತ್ತು. ಆ ಸಂಕಟದ ದೃಶ್ಯವನ್ನೇ ಜನ ಬಿಡುಗಡೆಯ ಹಬ್ಬವನ್ನಾಗಿ ಮಾಡಿಕೊಂಡರು.

ಈ ಮೆರವಣಿಗೆಯ ಜೀವಾಳವೆಂದರೆ ಕಾಲಿಂಡ ಎಂಬ ದೊಣ್ಣೆವರಸೆ. ಒಂದೊಂದು ಬಡಾವಣೆಗೂ ಒಂದೊಂದು ತಂಡ, ಒಂದೊಂದು ತಂಡಕ್ಕೂ ಶಾಂಟ್‌ವೆಲ್ ಎಂಬ ಮುಂದಾಳು ಹಾಡುಗಾರ. ತನ್ನ ವೀರನನ್ನು ಹೊಗಳುವುದು, ಎದುರಾಳಿಯನ್ನು ಹಳಿಯುವುದು, ಊರಿನ ಸುದ್ದಿಯನ್ನು ಸ್ಥಳದಲ್ಲಿಯೇ ಪದ ಕಟ್ಟಿ ಹಾಡುವುದು ಇವನ ಕೆಲಸ. ಪಲ್ಲವಿಯನ್ನು ಎತ್ತಿಕೊಳ್ಳುವುದು ಗುಂಪಿನ ಕೆಲಸ. ಒಬ್ಬನು ಹಾಡಿ ಹಲವರು ಒಪ್ಪಿಸುವ ಈ ಕ್ರಮವೂ ಹೊಗಳಿಕೆ ತೆಗಳಿಕೆಗಳ ಈ ವೃತ್ತಿಯೂ ಪಶ್ಚಿಮ ಆಫ್ರಿಕದ ಪರಂಪರೆಗೆ ಸೇರಿದುವು. ಮುಂದೆ ಕ್ಯಾಲಿಪ್ಸೊ ಗಾಯಕನೆಂದು ಪ್ರಸಿದ್ಧನಾದವನು ಈ ಶಾಂಟ್‌ವೆಲ್ಲನ ವಂಶದವನೇ.

ಬ್ರಿಟಿಷ್ ಅಧಿಕಾರಿಗಳಿಗೂ ಪಟ್ಟಣದ ಮೇಲುವರ್ಗದವರಿಗೂ ಪಂಜು, ದೊಣ್ಣೆ, ಡೋಲುಗಳ ಈ ಕೂಟ ಸಹನೀಯವಾಗಿ ತೋರಲಿಲ್ಲ. ಪೋಲೀಸ್ ಮುಖ್ಯಸ್ಥನಾದ ಕ್ಯಾಪ್ಟನ್ ಬೇಕರನು 1880ರಲ್ಲಿ ಕ್ಯಾನ್‌ಬುಲೆಯನ್ನು ತಡೆದನು. 1881ರಲ್ಲಿ ಅದೇ ಪ್ರಯತ್ನ ಮಾಡಿದಾಗ ಪೋರ್ಟ್ ಆಫ್ ಸ್ಪೇನ್ ನಗರದ ತಂಡಗಳು ತಮ್ಮ ಪರಸ್ಪರ ವೈರವನ್ನು ಬದಿಗಿಟ್ಟು ಒಂದಾಗಿ ಪೋಲೀಸರನ್ನು ಎದುರಿಸಿದುವು. ಗವರ್ನರ್ ಫ್ರೀಲಿಂಗನು ಸ್ವತಃ ಜನರ ಮುಂದೆ ಬಂದು ಮಾತನಾಡಿ, ಪೋಲೀಸರನ್ನು ಅವರ ವಸತಿಗಳಲ್ಲಿಯೇ ನಿಲ್ಲಿಸಿದ ಮೇಲೆ ಉತ್ಸವ ಶಾಂತವಾಗಿ ಮುಗಿಯಿತು. ಈ ಘಟನೆಯ ವಿಚಾರಣೆಗೆಂದು ಬಂದ ಹ್ಯಾಮಿಲ್ಟನ್ ಎಂಬ ಅಧಿಕಾರಿಯು ಲಂಡನ್ನಿಗೆ ಸಲ್ಲಿಸಿದ ವರದಿ ಇಂದು ಆ ಕಾಲದ ಕಾರ್ನಿವಲ್‌ನ ಮುಖ್ಯ ಆಕರಗಳಲ್ಲಿ ಒಂದು. ಅಕ್ಷರ ಬಲ್ಲವರಾಗಿರದ ಹಾಡುಗಾರರ ಬಗೆಗೆ ನಮಗೆ ತಿಳಿದಿರುವುದರಲ್ಲಿ ಬಹುಭಾಗ ಅವರನ್ನು ಹತ್ತಿಕ್ಕಲು ಹೊರಟವರ ಕಾಗದಪತ್ರಗಳಿಂದಲೇ ದೊರೆತುದು ಎಂಬುದನ್ನು ಇಲ್ಲಿ ಮರೆಯಬಾರದು.

3. 1884: ಎರಡು ಮೆರವಣಿಗೆಗಳು

1884ರಲ್ಲಿ ಸರ್ಕಾರವು ಶಾಂತಿಪಾಲನೆಯ ಶಾಸನವನ್ನು ಜಾರಿಗೆ ತಂದಿತು. ಪಂಜಿನ ಮೆರವಣಿಗೆ, ಡೋಲು ಬಾರಿಸುವಿಕೆ, ದೊಣ್ಣೆ ಹಿಡಿದು ಹತ್ತು ಅಥವಾ ಹೆಚ್ಚು ಜನ ಸೇರುವುದು ನಿಷೇಧಕ್ಕೆ ಒಳಗಾದುವು. ನಡುರಾತ್ರಿಯ ಕ್ಯಾನ್‌ಬುಲೆ ನಿಂತುಹೋಗಿ, ಸೋಮವಾರ ಬೆಳಗಿನ ಜಾವದಲ್ಲಿ ಆರಂಭವಾಗುವ ಜೂವೇ ಎಂಬ ಉತ್ಸವ ಅದರ ಸ್ಥಾನಕ್ಕೆ ಬಂದಿತು. ಇಂದಿಗೂ ಟ್ರಿನಿಡಾಡಿನ ಕಾರ್ನಿವಲ್ ಆರಂಭವಾಗುವುದು ಈ ಜೂವೇಯಿಂದಲೇ. ಉತ್ಸವದ ಹೊತ್ತನ್ನು ಗೊತ್ತುಮಾಡಿದುದು ಪಂಚಾಂಗವೊಂದೇ ಅಲ್ಲ, ಪೋಲೀಸ್ ಆಜ್ಞೆಯೂ ಹೌದು ಎನ್ನದೆ ವಿಧಿಯಿಲ್ಲ.

ಅದೇ ವರ್ಷ, ಅದೇ ಭಯದಿಂದ, ಅದೇ ಸರ್ಕಾರವು ಭಾರತೀಯರ ಮೊಹರಂ ಮೆರವಣಿಗೆಯ ಮೇಲೂ ನಿರ್ಬಂಧ ಹೇರಿತು. ಟ್ರಿನಿಡಾಡಿನಲ್ಲಿ ಇದಕ್ಕೆ ಹೊಸೆ ಎಂದು ಹೆಸರು. ಬಿದಿರು, ಬಣ್ಣದ ಕಾಗದಗಳಿಂದ ಕಟ್ಟಿದ ತಾಜಿಯಾಗಳನ್ನು ಕಬ್ಬಿನ ತೋಟಗಳಿಂದ ಪಟ್ಟಣದ ಮೂಲಕ ಸಮುದ್ರಕ್ಕೆ ಒಯ್ಯುವುದು ಅಲ್ಲಿನ ವಾಡಿಕೆ. ಈ ಮೆರವಣಿಗೆಯಲ್ಲಿ ಮುಸ್ಲಿಮರಷ್ಟೇ ಅಲ್ಲದೆ ಹಿಂದೂಗಳೂ ಭಾಗವಹಿಸುತ್ತಿದ್ದರು. ಆಫ್ರಿಕ ಮೂಲದವರೂ ಸೇರುತ್ತಿದ್ದರು. ಉತ್ತರ ಕರ್ನಾಟಕದ ಗ್ರಾಮಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ಮೊಹರಂ ಆಚರಿಸುವುದನ್ನು ಬಲ್ಲ ನಮ್ಮ ಓದುಗರಿಗೆ ಇದು ಆಶ್ಚರ್ಯವೆನಿಸದು. 1884ರ ಅಕ್ಟೋಬರ್ 30ರಂದು ಮೆರವಣಿಗೆಗಳು ಆಜ್ಞೆಯನ್ನು ಮೀರಿ ಸ್ಯಾನ್ ಫರ್ನಾಂಡೊ ಪಟ್ಟಣದತ್ತ ಬಂದಾಗ ಪಟ್ಟಣದ ಹೆಬ್ಬಾಗಿಲಿನಲ್ಲಿ ಅವರ ಮೇಲೆ ಗುಂಡು ಹಾರಿಸಲಾಯಿತು. ಹಲವರು ಹತರಾದರು, ಗಾಯಗೊಂಡವರು ಅದಕ್ಕೂ ಎಷ್ಟೋ ಹೆಚ್ಚು. ಜಮೈಕದ ಗವರ್ನರನಾಗಿದ್ದ, ಹಿಂದೆ ಭಾರತದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಸರ್ ಹೆನ್ರಿ ನಾರ್ಮನನು ವಿಚಾರಣೆ ನಡೆಸಿ ಅಧಿಕಾರಿಗಳ ಪಕ್ಷವನ್ನೇ ಬಹುಮಟ್ಟಿಗೆ ಎತ್ತಿಹಿಡಿದನು.

ಟ್ರಿನಿಡಾಡಿನ ಸಂಗೀತವನ್ನು ಕುರಿತ ಜನಪ್ರಿಯ ಕಥನಗಳಲ್ಲಿ 1881ರ ಘಟನೆಗೆ ದೊರೆತಷ್ಟು ಸ್ಥಾನ 1884ರ ಗುಂಡಿಗೆ ದೊರೆತಿಲ್ಲ. ಒಂದನ್ನು ಕಾರ್ನಿವಲ್‌ನ ಇತಿಹಾಸವೆಂದೂ ಇನ್ನೊಂದನ್ನು ಭಾರತೀಯರ ಇತಿಹಾಸವೆಂದೂ ಬೇರೆಬೇರೆ ಅಧ್ಯಾಯಗಳಲ್ಲಿ ಇರಿಸುವುದು ರೂಢಿಯಾಗಿದೆ. ಆದರೆ ಶ್ರಮಜೀವಿಗಳು ಗುಂಪಾಗಿ, ಡೋಲಿನ ನಾದದೊಡನೆ, ಪಟ್ಟಣದ ರಸ್ತೆಗೆ ಬರಬಾರದೆಂಬ ಒಂದೇ ಧೋರಣೆ ಎರಡರ ಹಿಂದೆಯೂ ಇತ್ತು. ಇವೆರಡನ್ನೂ ಕೂಡಿಸಿ ಓದಿದಾಗಲೇ ದ್ವೀಪದ ಸಂಗೀತದ ಇತಿಹಾಸ ಅಖಂಡವಾಗಿ ಕಾಣುತ್ತದೆ.

4. ಬಿದಿರು

ಚರ್ಮದ ಡೋಲು ನಿಷಿದ್ಧವಾದ ಮೇಲೆ ಜನ ಏನು ಮಾಡಿದರು? ಬಿದಿರನ್ನು ಕಡಿದು ತಂದರು. ತಂಬು ಬಂಬು ಎಂಬ ವಾದ್ಯಮೇಳ ಹೀಗೆ ಪ್ರಚಾರಕ್ಕೆ ಬಂದಿತು. ಐದು ಅಡಿಗಳಷ್ಟು ಉದ್ದದ ದಪ್ಪ ಬಿದಿರನ್ನು ನೆಲಕ್ಕೆ ಕುಟ್ಟಿ ಮಂದ್ರನಾದವನ್ನು ಹೊರಡಿಸುವರು. ಇದಕ್ಕೆ ಬೂಮ್ ಎಂದು ಹೆಸರು. ಗಿಡ್ಡನೆಯ ಎರಡು ತುಂಡುಗಳನ್ನು ತುದಿಗೆ ತುದಿ ತಾಗಿಸಿ ಬಾರಿಸುವುದು ಫೂಲ್. ತೆಳ್ಳನೆಯ ಬಿದಿರನ್ನು ಕೋಲಿನಿಂದ ಹೊಡೆದು ತೀಕ್ಷ್ಣವಾದ ಲಯವನ್ನು ಕೊಡುವುದು ಕಟರ್. ಈ ಮೂರು ಸೇರಿ ಡೋಲುಗಳ ಮೇಳದ ಮೂರು ಅಂಗಗಳನ್ನೂ ತುಂಬಿಕೊಟ್ಟುವು. ವಾದ್ಯದ ದೇಹ ಬದಲಾದರೂ ಲಯದ ವಿನ್ಯಾಸ ಉಳಿಯಿತು.

ನಿಷೇಧವೇ ಈ ವಾದ್ಯವನ್ನು ಸೃಷ್ಟಿಸಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಬಿದಿರನ್ನು ನೆಲಕ್ಕೆ ಕುಟ್ಟಿ ಬಾರಿಸುವ ಪದ್ಧತಿ ಪಶ್ಚಿಮ ಆಫ್ರಿಕದಲ್ಲಿ ಮೊದಲೇ ಇತ್ತು. ಶಾಸನವು ಹಳೆಯ ಕೌಶಲವೊಂದನ್ನು ಅಂಚಿನಿಂದ ನಡುವಿಗೆ ತಂದಿತೆಂದು ಹೇಳುವುದೇ ಯುಕ್ತ. ಹೊಸೆಯ ತಾಸೆ ವಾದ್ಯವೂ ಹೀಗೆಯೇ ನಿರ್ಬಂಧಗಳ ನಡುವೆ ಬಾಳಿ ಉಳಿಯಿತು. ಮಣ್ಣಿನ ಗಡಿಗೆಗೆ ಆಡಿನ ಚರ್ಮವನ್ನು ಬಿಗಿದು, ಬೆಂಕಿಗೆ ಹಿಡಿದು ಕಾಯಿಸಿ, ಕೊರಳಿಗೆ ತೂಗಹಾಕಿಕೊಂಡು ಎರಡು ಕೋಲುಗಳಿಂದ ಬಾರಿಸುವ ಈ ವಾದ್ಯ ಇಂದು ಹಿಂದೂಗಳ ಮದುವೆಗಳಲ್ಲಿಯೂ ಅನಿವಾರ್ಯವಾಗಿದೆ.

5. ಪದ, ಮುದ್ರಿಕೆ, ಪರಿಶೀಲಕ

ಕ್ಯಾಲಿಪ್ಸೊ ಎಂಬ ಹೆಸರಿನ ವ್ಯುತ್ಪತ್ತಿಯ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಕೈಸೊ ಎಂಬ ಹಳೆಯ ರೂಪಕ್ಕೆ ಪಶ್ಚಿಮ ಆಫ್ರಿಕದ ಮೂಲವನ್ನು ಅನೇಕರು ಹೇಳುತ್ತಾರೆ. ಗ್ರೀಕ್ ಪುರಾಣದ ಅಪ್ಸರೆಗೂ ಇದಕ್ಕೂ ಹೆಸರಿನ ಹೋಲಿಕೆಯ ಹೊರತು ಸಂಬಂಧ ಕಾಣದು. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಹಾಡಿನ ಭಾಷೆ ಪತ್ವಾದಿಂದ ಇಂಗ್ಲಿಷಿಗೆ ತಿರುಗಿತು. ಶಾಲೆಗಳ ಭಾಷೆ ಇಂಗ್ಲಿಷಾದುದೂ, ಬೀದಿಯ ದೊಣ್ಣೆಕಾಳಗ ಅಡಗಿ ಚಪ್ಪರಗಳೊಳಗೆ ಹಣ ಕೊಟ್ಟು ಕೇಳುವ ಶ್ರೋತೃಗಳು ಬಂದುದೂ ಇದಕ್ಕೆ ಕಾರಣ. ಹಾಡುವ ಈ ಚಪ್ಪರಗಳಿಗೆ ಟೆಂಟ್ ಎಂದೇ ಹೆಸರು. ದೊಣ್ಣೆಯ ಕದನ ಮಾತಿನ ಕದನವಾಗಿ ಪರಿಣಮಿಸಿತು. ರೋರಿಂಗ್ ಲಯನ್, ಅಟಿಲಾ ದಿ ಹನ್ ಮೊದಲಾದ ಅಬ್ಬರದ ಬಿರುದುಗಳು ಆ ಹಳೆಯ ವೀರವೃತ್ತಿಯ ಕುರುಹುಗಳು.

1912ರಲ್ಲಿ ಲವಿ ಎಂಬಾತನ ವಾದ್ಯತಂಡ ನ್ಯೂಯಾರ್ಕಿನಲ್ಲಿ ಮೊದಲ ಧ್ವನಿಮುದ್ರಿಕೆಗಳನ್ನು ಮಾಡಿತು. 1914ರಲ್ಲಿ ವಿಕ್ಟರ್ ಕಂಪೆನಿಯವರು ಟ್ರಿನಿಡಾಡಿಗೇ ಬಂದು ಹಾಡುಗಳನ್ನು ಮುದ್ರಿಸಿಕೊಂಡರು. 1934ರಲ್ಲಿ ಅಟಿಲಾ, ಲಯನ್ ಇಬ್ಬರೂ ನ್ಯೂಯಾರ್ಕಿಗೆ ಹೋಗಿ ಹಾಡಿ ಬಂದರು. ಅದೇ ವರ್ಷ ನಾಟಕಶಾಲೆ ಮತ್ತು ನರ್ತನಶಾಲೆಗಳನ್ನು ಕುರಿತ ಶಾಸನವೊಂದು ಜಾರಿಗೆ ಬಂದು, ಟೆಂಟುಗಳಲ್ಲಿ ಹಾಡಬೇಕಾದುದು ಅಧಿಕಾರಿಗಳ ಪರಿಶೀಲನೆಗೆ ಒಳಗಾಯಿತು. ಹೊರಗಿನಿಂದ ಬರುವ ಮುದ್ರಿಕೆಗಳನ್ನೂ ಪರೀಕ್ಷಿಸಿ, ಆಕ್ಷೇಪಾರ್ಹವೆಂದು ತೋರಿದುದನ್ನು ತಡೆಹಿಡಿಯಲಾಗುತ್ತಿತ್ತು. 1937ರಲ್ಲಿ ಯುರಾಯ ಬಟ್ಲರನ ನಾಯಕತ್ವದಲ್ಲಿ ತೈಲಕ್ಷೇತ್ರಗಳ ಕಾರ್ಮಿಕರು ಮುಷ್ಕರ ಹೂಡಿದಾಗ, ಆ ಗಲಭೆಯ ವಿಚಾರಣಾ ಮಂಡಲಿಯ ವರದಿಯನ್ನು ವಿಮರ್ಶಿಸಿ ಅಟಿಲಾ ಹಾಡಿದನು. ಅಟಿಲಾನ ನಿಜನಾಮ ರೇಮಂಡ್ ಕ್ವೆವೆಡೊ. ಇವನು 1946ರಲ್ಲಿ ಪೋರ್ಟ್ ಆಫ್ ಸ್ಪೇನ್ ನಗರಸಭೆಗೂ 1950ರಲ್ಲಿ ಶಾಸನಸಭೆಗೂ ಚುನಾಯಿತನಾದನು. ಪೋಲೀಸರ ಪರಿಶೀಲನೆಗೆ ಪದಗಳನ್ನು ಒಪ್ಪಿಸಬೇಕಾಗಿದ್ದ ಹಾಡುಗಾರನೇ ಶಾಸನ ಮಾಡುವವರ ಸಾಲಿನಲ್ಲಿ ಕುಳಿತನು.

ಹಾಡಿನ ಒಡೆತನದ ಪ್ರಶ್ನೆಯೂ ಈ ಕಾಲದಲ್ಲಿಯೇ ಎದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದ್ವೀಪದಲ್ಲಿ ಅಮೆರಿಕನ್ ಸೈನಿಕ ನೆಲೆಗಳು ಸ್ಥಾಪಿತವಾದುವು. ಸೈನಿಕರಿಂದ ಊರಿನ ಜೀವನ ಹೇಗೆ ಬದಲಾಯಿತೆಂಬುದನ್ನು ವ್ಯಂಗ್ಯವಾಗಿ ಹೇಳುವ 'ರಮ್ ಅಂಡ್ ಕೋಕಾ-ಕೋಲಾ' ಎಂಬ ಹಾಡನ್ನು ಲಾರ್ಡ್ ಇನ್ವೇಡರ್ 1943ರಲ್ಲಿ ಹಾಡಿದನು. ಅಮೆರಿಕದಲ್ಲಿ ಬೇರೊಬ್ಬರ ಹೆಸರಿನಲ್ಲಿ ಪ್ರಕಟವಾದ ಅದೇ ಹಾಡನ್ನು ಆಂಡ್ರೂಸ್ ಸೋದರಿಯರು ಹಾಡಿ, 1945ರಲ್ಲಿ ಅದು ಅಪಾರ ಜನಪ್ರಿಯತೆ ಗಳಿಸಿತು. ಪದಗಳ ಬಗೆಗೆ ಒಂದು, ಧಾಟಿಯ ಬಗೆಗೆ ಇನ್ನೊಂದು, ಹೀಗೆ ಎರಡು ವ್ಯಾಜ್ಯಗಳು ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ನಡೆದು ಎರಡೂ ಟ್ರಿನಿಡಾಡಿನ ಪಕ್ಷಕ್ಕೆ ಜಯ ತಂದುವು. ಧಾಟಿ ಲಯನಲ್ ಬೆಲಾಸ್ಕೊ ಎಂಬ ಟ್ರಿನಿಡಾಡಿನ ಸಂಗೀತಗಾರನದೆಂದು ತೀರ್ಮಾನವಾಯಿತು. ಪದಗಳು ಟ್ರಿನಿಡಾಡಿನ ಪುಸ್ತಿಕೆಯೊಂದರಲ್ಲಿಯೂ ಧಾಟಿ ಇನ್ನೊಂದು ಸಂಗ್ರಹದಲ್ಲಿಯೂ ಅಚ್ಚಾಗಿದ್ದುದು ಈ ಜಯಕ್ಕೆ ಆಧಾರವಾಯಿತು. ಬಾಯಿಂದ ಬಾಯಿಗೆ ಸಾಗಿದ ಎಷ್ಟೋ ಹಾಡುಗಳಿಗೆ ಇಂಥ ಸಾಕ್ಷಿ ದೊರೆಯುವ ಸಂಭವವಿರಲಿಲ್ಲ.

6. ಉಕ್ಕು

1930ರ ದಶಕದ ಕೊನೆಯಲ್ಲಿ ಬಿದಿರಿನ ಮೇಳಗಳೊಳಗೆ ಬಿಸ್ಕತ್ತಿನ ಡಬ್ಬಿ, ಬಣ್ಣದ ಡಬ್ಬಿ, ಮೋಟಾರಿನ ಕಬ್ಬಿಣದ ಬಿಡಿಭಾಗಗಳು ಸೇರತೊಡಗಿದುವು. ಬಿದಿರು ಬೇಗ ಸೀಳುತ್ತದೆ. ಲೋಹ ಸೀಳುವುದಿಲ್ಲ, ನಾದವೂ ಹೆಚ್ಚು. ಡಬ್ಬಿಯ ತಳ ಬಾರಿಸಿ ಬಾರಿಸಿ ತಗ್ಗಾದಾಗ ಒಂದೊಂದು ಉಬ್ಬಿನಿಂದ ಒಂದೊಂದು ಸ್ವರ ಹೊರಡುವುದನ್ನು ಬಡಬಡಾವಣೆಗಳ ತರುಣರು ಗಮನಿಸಿದರು. 1942ರಿಂದ 1945ರವರೆಗೆ ಯುದ್ಧದ ನಿಮಿತ್ತ ಕಾರ್ನಿವಲ್ ನಿಷಿದ್ಧವಾಗಿತ್ತು. ಬೀದಿ ಮುಚ್ಚಿದ್ದ ಈ ವರ್ಷಗಳಲ್ಲಿಯೇ ಹಿತ್ತಲುಗಳಲ್ಲಿ ಈ ಪ್ರಯೋಗಗಳು ನಡೆದುವು. 1945ರಲ್ಲಿ ವಿಜಯೋತ್ಸವಕ್ಕೆಂದು ಜನ ಬೀದಿಗೆ ಬಂದಾಗ ಅವರ ಕೈಯಲ್ಲಿದ್ದುದು ಹೊಸ ವಾದ್ಯ.

ತೈಲೋದ್ಯಮವಿದ್ದ ದ್ವೀಪದಲ್ಲಿ 55 ಗ್ಯಾಲನ್ನಿನ ಉಕ್ಕಿನ ಪೀಪಾಯಿಗಳಿಗೆ ಕೊರತೆಯಿರಲಿಲ್ಲ. ಪೀಪಾಯಿಯ ತಳವನ್ನು ಸುತ್ತಿಗೆಯಿಂದ ಬಡಿದು ಬೋಗುಣಿಯಂತೆ ತಗ್ಗಿಸಿ, ಸ್ವರಸ್ಥಾನಗಳನ್ನು ಗುರುತಿಸಿ, ಬೆಂಕಿಯಲ್ಲಿ ಕಾಯಿಸಿ, ಮತ್ತೆ ಬಡಿದು ಶ್ರುತಿ ಮಾಡುವ ವಿಧಾನವನ್ನು ವಿನ್‌ಸ್ಟನ್ ಸ್ಪ್ರೀ ಸೈಮನ್, ಎಲಿ ಮ್ಯಾನೆಟ್, ಆಂಥೊನಿ ವಿಲಿಯಮ್ಸ್ ಮೊದಲಾದವರು ಬೆಳೆಸಿದರು. ಒಬ್ಬನೇ ಇದರ ಆವಿಷ್ಕರ್ತನೆಂದು ಹೇಳುವಂತಿಲ್ಲ. ಬಡಾವಣೆಗೊಂದರಂತೆ ತಂಡಗಳು ಹುಟ್ಟಿ, ಅವುಗಳ ಹೊಡೆದಾಟಗಳಿಂದ ವಾದ್ಯಗಾರರು ಪುಂಡರೆಂಬ ಅಪಖ್ಯಾತಿಗೂ ಒಳಗಾದರು. 1949ರಲ್ಲಿ ಸರ್ಕಾರವು ಈ ತಂಡಗಳ ವಿಷಯವಾಗಿ ಸಮಿತಿಯೊಂದನ್ನು ನೇಮಿಸಿತು. ನಿಷೇಧದ ಬದಲು ವಿಚಾರಣೆ, ವಿಚಾರಣೆಯಿಂದ ಪ್ರೋತ್ಸಾಹ, ಹೀಗೆ ಸರ್ಕಾರದ ದೃಷ್ಟಿ ತಿರುಗಿದುದನ್ನು ಇಲ್ಲಿ ಕಾಣಬಹುದು.

1951ರಲ್ಲಿ ಲಂಡನ್ನಿನ ಫೆಸ್ಟಿವಲ್ ಆಫ್ ಬ್ರಿಟನ್ ಉತ್ಸವಕ್ಕೆ ಬೇರೆಬೇರೆ ತಂಡಗಳಿಂದ ಆರಿಸಿದ ವಾದ್ಯಗಾರರನ್ನು ಒಂದುಗೂಡಿಸಿ ಕಳುಹಿಸಲಾಯಿತು. ಅವರನ್ನು ತರಬೇತುಗೊಳಿಸಿದ ಲೆಫ್ಟಿನೆಂಟ್ ಜೋಸೆಫ್ ಗ್ರಿಫಿತ್ ಪೋಲೀಸ್ ವಾದ್ಯವೃಂದದಲ್ಲಿ ಅನುಭವ ಪಡೆದವನು. ಡೋಲನ್ನು ಕಸಿದ ಇಲಾಖೆಯಲ್ಲಿಯೇ ಪಳಗಿದ ಸಂಗೀತಗಾರನು ಉಕ್ಕಿನ ವಾದ್ಯಕ್ಕೆ ಪೂರ್ಣ ಸ್ವರಶ್ರೇಣಿಯ ಶಿಸ್ತನ್ನು ತಂದನು. ಗಂಟೆ ಮತ್ತು ಕೂಗುಗಳಿಂದ ಕೂಡಿದ ಆಫ್ರಿಕ ಮೂಲದವರ ಕ್ರೈಸ್ತ ಆರಾಧನೆಯನ್ನು 1917ರಲ್ಲಿ ನಿಷೇಧಿಸಿದ್ದ ಶಾಸನವೂ ಅದೇ 1951ರಲ್ಲಿ ರದ್ದಾಯಿತು.

7. ಸ್ವಾತಂತ್ರ್ಯ ಮತ್ತು ಉಳಿದ ಪ್ರಶ್ನೆ

1956ರಲ್ಲಿ ಮೈಟಿ ಸ್ಪ್ಯಾರೊ ಎಂಬ ತರುಣನು ಕ್ಯಾಲಿಪ್ಸೊ ಸ್ಪರ್ಧೆಯಲ್ಲಿ ಗೆದ್ದನು. ಅವನಿಗೆ ದೊರೆತ ಬಹುಮಾನ 40 ಡಾಲರು. ಸೌಂದರ್ಯಸ್ಪರ್ಧೆಯ ರಾಣಿಗೆ ಇದಕ್ಕಿಂತ ಎಷ್ಟೋ ಹೆಚ್ಚಿನ ಬಹುಮಾನ ದೊರೆಯುತ್ತಿದ್ದುದನ್ನು ಪ್ರತಿಭಟಿಸಿ ಅವನು ಮರುವರ್ಷ ಸ್ಪರ್ಧೆಯಿಂದ ದೂರ ಉಳಿದನು. 1956ರಲ್ಲಿಯೇ ಇತಿಹಾಸಕಾರ ಎರಿಕ್ ವಿಲಿಯಮ್ಸನ ಪಕ್ಷ ಅಧಿಕಾರಕ್ಕೆ ಬಂದಿತು. 1962ರ ಆಗಸ್ಟ್ 31ರಂದು ದೇಶ ಸ್ವತಂತ್ರವಾಯಿತು. 1963ರಲ್ಲಿ ಉಕ್ಕಿನ ವಾದ್ಯಮೇಳಗಳ ಪನೋರಮಾ ಸ್ಪರ್ಧೆ ಆರಂಭವಾಯಿತು. 1992ರಲ್ಲಿ ಉಕ್ಕಿನ ವಾದ್ಯ ರಾಷ್ಟ್ರವಾದ್ಯವೆಂದು ಘೋಷಿತವಾಯಿತು. 2023ರಲ್ಲಿ ವಿಶ್ವಸಂಸ್ಥೆಯು ಆಗಸ್ಟ್ 11ನ್ನು ಈ ವಾದ್ಯದ ವಿಶ್ವದಿನವೆಂದು ಸಾರಿತು.

ಆದರೆ ರಾಷ್ಟ್ರದ ಸಂಗೀತವೆಂದರೆ ಯಾರ ಸಂಗೀತ? 2011ರ ಜನಗಣತಿಯಂತೆ ದೇಶದ ಜನರಲ್ಲಿ ಭಾರತೀಯ ಮೂಲದವರು ಶೇಕಡ 35ರಷ್ಟು, ಆಫ್ರಿಕ ಮೂಲದವರು ಶೇಕಡ 34ರಷ್ಟು. ಸ್ವಾತಂತ್ರ್ಯದ ಮೊದಲ ದಶಕದಲ್ಲಿ ಕಾರ್ನಿವಲ್ ಮತ್ತು ಕ್ಯಾಲಿಪ್ಸೊಗಳೇ ರಾಷ್ಟ್ರೀಯವೆನಿಸಿ, ಭೋಜಪುರಿ ಹಾಡು ಮನೆಯಂಗಳದಲ್ಲಿಯೇ ಉಳಿದಿತ್ತು. ಮದುವೆಗೆ ಮುಂಚಿನ ಮಟಿಕೋರ್ ಎಂಬ ಶಾಸ್ತ್ರದಲ್ಲಿ ಹೆಂಗಸರು ತಮ್ಮತಮ್ಮಲ್ಲೇ ಹಾಡುತ್ತಿದ್ದ ಸರಸದ ಹಾಡುಗಳು, ಢೋಲಕ್ ಮತ್ತು ಧಂತಾಲ್ ಎಂಬ ಉಕ್ಕಿನ ಸಲಾಕೆಯ ತಾಳ, ಇವುಗಳಿಂದ ಚಟ್ನಿ ಸಂಗೀತ ಬೆಳೆಯಿತು. 1970ರ ಸುಮಾರಿನಲ್ಲಿ ಸುಂದರ್ ಪೋಪೊ ಭೋಜಪುರಿಯನ್ನೂ ಟ್ರಿನಿಡಾಡಿನ ಇಂಗ್ಲಿಷನ್ನೂ ಬೆರೆಸಿ ಹಾಡಿ ಇದನ್ನು ಧ್ವನಿಮುದ್ರಿಕೆಗೆ ತಂದನು. ಅತ್ತ ಲಾರ್ಡ್ ಶಾರ್ಟಿ ಎಂಬ ಆಫ್ರಿಕ ಮೂಲದ ಗಾಯಕನು 1970ರ ದಶಕದ ಆರಂಭದಲ್ಲಿ ಢೋಲಕ್, ಧಂತಾಲ್‌ಗಳ ಲಯವನ್ನು ಕ್ಯಾಲಿಪ್ಸೊದೊಳಕ್ಕೆ ತಂದು ಸೋಕಾ ಎಂಬ ಹೊಸ ಪ್ರಕಾರಕ್ಕೆ ದಾರಿಮಾಡಿದನು. 1980ರ ದಶಕದಲ್ಲಿ ದ್ರುಪತಿ ರಾಮಗುಣಾಯ್ ಎಂಬ ಗಾಯಕಿ ಚಟ್ನಿ ಸೋಕಾದೊಡನೆ ಕಾರ್ನಿವಲ್‌ನ ರಂಗಕ್ಕೆ ಬಂದಾಗ, ಹಿಂದೂ ಹೆಣ್ಣುಮಗಳು ಹೀಗೆ ಹಾಡಬಹುದೇ ಎಂದು ಆಕ್ಷೇಪಿಸಿದವರು ಸರ್ಕಾರದವರಲ್ಲ, ಆಕೆಯ ಸಮಾಜದವರೇ. ನಿಷೇಧ ಶಾಸನದಿಂದ ಮಾತ್ರವೇ ಬರುವುದಲ್ಲವೆಂಬುದಕ್ಕೆ ಇದು ನಿದರ್ಶನ.

ಮೇಲ್ಕಂಡ ಸಂಗತಿಗಳಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಜನಪ್ರಿಯ ಸಂಗೀತದ ಮೂಲವನ್ನು ಜನಾಂಗಗಳ ಸ್ವಭಾವದಲ್ಲಿ ಹುಡುಕುವುದಕ್ಕಿಂತ ದುಡಿಮೆ, ಶಾಸನ, ವ್ಯಾಪಾರ, ಕೈಗೆ ಸಿಕ್ಕ ವಸ್ತು ಇವುಗಳಲ್ಲಿ ಹುಡುಕುವುದು ಹೆಚ್ಚು ಫಲಕಾರಿ. ಎರಡನೆಯದು, ಆಕರಗಳನ್ನು ಕುರಿತದ್ದು. ಹ್ಯಾಮಿಲ್ಟನ್, ನಾರ್ಮನ್ ಇವರ ವರದಿಗಳಿಲ್ಲದೆ ಈ ಇತಿಹಾಸವನ್ನು ಬರೆಯಲಾಗದು. ಆದರೆ ಅವುಗಳ ಕಣ್ಣಿನಿಂದಲೇ ನೋಡಿದರೆ ಹಾಡು ಗಲಭೆಯಾಗಿಯೂ ಹಾಡುಗಾರ ಪುಂಡನಾಗಿಯೂ ಕಾಣುವರು. ವರದಿಯ ಪಕ್ಕದಲ್ಲಿ ಬಿದಿರಿನ ಕೊಳವೆಯನ್ನೂ ಬಡಿದು ತಗ್ಗಿಸಿದ ಪೀಪಾಯಿಯನ್ನೂ ಇಟ್ಟು ಓದುವುದನ್ನು ನಮ್ಮ ವಿದ್ಯಾರ್ಥಿಗಳು ಕಲಿಯಬೇಕು. ಬರೆಯಲು ಬಾರದವರು ಬಿಟ್ಟುಹೋದ ದಾಖಲೆಗಳು ಅವೇ.